ಕನ್ನಡ ಕೂಟಕ್ಕೆ ಯಾವ ಅನುದಾನ ಹೊಂದುತ್ತದೆ? ಅಮೆರಿಕದ ಕಮ್ಯುನಿಟಿ ಫೌಂಡೇಶನ್‌ಗಳ ದಾರಿಗಳ ಹೋಲಿಕೆ

ಅಮೆರಿಕದ ಬಹುಪಾಲು ಕನ್ನಡ ಕೂಟಗಳು ನಡೆಯುವುದು ಸದಸ್ಯತ್ವ ಶುಲ್ಕ, ಯುಗಾದಿ ಮತ್ತು ರಾಜ್ಯೋತ್ಸವದ ಟಿಕೆಟ್ ಹಣ, ಸ್ಥಳೀಯ ಅಂಗಡಿ ಹೋಟೆಲುಗಳ ಪ್ರಾಯೋಜಕತ್ವದಿಂದ. ಕನ್ನಡ ಶಾಲೆಗೆ ಬಾಡಿಗೆ ಕೊಠಡಿ ಬೇಕಾದಾಗ, ಯಕ್ಷಗಾನ ತಂಡಕ್ಕೆ ವೇಷಭೂಷಣ ತರಿಸಬೇಕಾದಾಗ, ಹಿರಿಯರಿಗಾಗಿ ಆರೋಗ್ಯ ಶಿಬಿರ ನಡೆಸಬೇಕಾದಾಗ ಈ ಹಣ ಸಾಲುವುದಿಲ್ಲ. ಆಗ ಕಾರ್ಯಕಾರಿ ಸಮಿತಿಯಲ್ಲಿ ಯಾರಾದರೊಬ್ಬರು ನಮ್ಮ ಕೌಂಟಿಯ ಕಮ್ಯುನಿಟಿ ಫೌಂಡೇಶನ್‌ಗೆ, ಅಂದರೆ ಅನೇಕ ದಾನಿಗಳ ಹಣ ಸೇರಿಸಿ ಊರಿನ ಕೆಲಸಗಳಿಗೆ ಹಂಚುವ ಸಂಸ್ಥೆಗೆ, ಅರ್ಜಿ ಹಾಕೋಣ ಎನ್ನುತ್ತಾರೆ. ಸಲಹೆ ಒಳ್ಳೆಯದೇ. ಆದರೆ ಒಂದೇ ಫೌಂಡೇಶನ್‌ನಿಂದ ಹಣ ಬರುವ ದಾರಿಗಳು ಹಲವು. ಒಂದೊಂದಕ್ಕೂ ಹಿಡಿಯುವ ಶ್ರಮ ಬೇರೆ, ನಿಯಮ ಬೇರೆ, ಒಪ್ಪುವ ಕೆಲಸವೂ ಬೇರೆ. ಸ್ವಯಂಸೇವಕರ ಸಂಜೆಗಳು ಸುಮ್ಮನೆ ವ್ಯರ್ಥವಾಗದಿರಲಿ ಎಂಬ ಕಾಳಜಿಯಿಂದ ಈ ಹೋಲಿಕೆ ಬರೆಯುತ್ತಿದ್ದೇನೆ. ಕೂಟಗಳಿಗೆ ಬರೆದದ್ದಾದರೂ ಕನ್ನಡ ಶಾಲೆ, ನಾಟಕ ತಂಡ, ಸಂಗೀತ ಸಭೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಇದು ಯಾರ ಹಣ?

1914ರಲ್ಲಿ ಓಹಾಯೋದ ಕ್ಲೀವ್‌ಲ್ಯಾಂಡ್‌ನಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕರ್ ಮೊದಲ ಕಮ್ಯುನಿಟಿ ಫೌಂಡೇಶನ್ ಸ್ಥಾಪಿಸಿದರು. ಅವರನ್ನು ಕಾಡಿದ್ದು ಒಂದು ನಿಜವಾದ ತೊಂದರೆ. ಶ್ರೀಮಂತರು ಉಯಿಲಿನಲ್ಲಿ ಇಂಥದ್ದೇ ಕೆಲಸಕ್ಕೆ ಎಂದು ಹಣ ಬರೆದಿಟ್ಟು ಹೋಗುತ್ತಿದ್ದರು. ಕಾಲ ಬದಲಾಗಿ ಆ ಕೆಲಸದ ಅಗತ್ಯವೇ ಇಲ್ಲವಾದರೂ ಹಣ ಅಲ್ಲೇ ಕಟ್ಟಿಬಿದ್ದಿರುತ್ತಿತ್ತು. ಸೇಂಟ್ ಲೂಯಿಸ್‌ನ ಬ್ರಯಾನ್ ಮಲ್ಲನ್‌ಫಿ ಎಂಬವರು ಪಶ್ಚಿಮದತ್ತ ನೆಲೆಸಲು ಹೊರಟ ಬಡ ಪ್ರಯಾಣಿಕರಿಗೆಂದು ಬಿಟ್ಟುಹೋದ ನಿಧಿ ಇದಕ್ಕೆ ಹೆಸರಾಂತ ಉದಾಹರಣೆ. ರೈಲು ಬಂದ ಮೇಲೆ ಅಂಥ ಪ್ರಯಾಣಿಕರೇ ಅಪರೂಪವಾದರು. ಗಾಫ್ ಮಾಡಿದ್ದು ಇಷ್ಟು: ಅನೇಕ ದಾನಿಗಳ ನಿಧಿಗಳನ್ನು ಒಂದೆಡೆ ಸೇರಿಸಿ, ಊರಿನ ಇಂದಿನ ಅಗತ್ಯ ಯಾವುದು ಎಂದು ತೀರ್ಮಾನಿಸುವ ಅಧಿಕಾರವನ್ನು ಊರಿನವರದೇ ಒಂದು ಸಮಿತಿಗೆ ಕೊಟ್ಟರು. ಮರುವರ್ಷವೇ ಷಿಕಾಗೋ, ಬಾಸ್ಟನ್, ಲಾಸ್ ಏಂಜಲೀಸ್‌ಗಳಲ್ಲೂ ಇಂಥ ಸಂಸ್ಥೆಗಳು ಹುಟ್ಟಿದವು. ಇಂದು ಅಮೆರಿಕದ ಹೆಚ್ಚಿನ ಕೌಂಟಿಗಳು ಯಾವುದಾದರೊಂದು ಕಮ್ಯುನಿಟಿ ಫೌಂಡೇಶನ್‌ನ ವ್ಯಾಪ್ತಿಯಲ್ಲಿವೆ.

ಈ ಹಿನ್ನೆಲೆಯನ್ನು ಹೇಳಿದ್ದಕ್ಕೆ ಕಾರಣವಿದೆ. ಅರ್ಜಿ ಓದುವವರ ಮನಸ್ಸಿನಲ್ಲಿ ಇವತ್ತಿಗೂ ಇರುವುದು ಒಂದೇ ಪ್ರಶ್ನೆ: ಈ ಕೆಲಸದಿಂದ ನಮ್ಮ ಊರಿಗೆ ಏನು ಸಿಗುತ್ತದೆ? ಕನ್ನಡಿಗರಿಗೆ ಏನು ಸಿಗುತ್ತದೆ ಎಂದು ವಿವರಿಸುವುದು ನಮಗೆ ಸುಲಭ. ಸ್ಯಾನ್ ಮಾಟಿಯೊ ಕೌಂಟಿಗೆ, ಡಲ್ಲಾಸ್‌ಗೆ, ಎಡಿಸನ್‌ಗೆ ಏನು ಸಿಗುತ್ತದೆ ಎಂಬುದಕ್ಕೆ ನಿಮ್ಮಲ್ಲಿ ಪ್ರಾಮಾಣಿಕ ಉತ್ತರ ಇದೆಯೇ ಇಲ್ಲವೇ ಎಂಬುದರ ಮೇಲೆ ಯಾವ ದಾರಿ ಹಿಡಿಯಬೇಕು ಎಂಬುದು ನಿಂತಿದೆ.

ಯಾವ ದಾರಿಗಾದರೂ ಬೇಕಾಗುವ ಕಾಗದಪತ್ರ

ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಕೊಟ್ಟ 501(ಸಿ)(3) ಮಾನ್ಯತಾ ಪತ್ರ (ತೆರಿಗೆ ವಿನಾಯಿತಿ ಇರುವ ಸೇವಾ ಸಂಸ್ಥೆ ಎಂಬ ಮಾನ್ಯತೆ), ಇಐಎನ್ ಎಂಬ ಸಂಸ್ಥೆಯ ತೆರಿಗೆ ಗುರುತಿನ ಸಂಖ್ಯೆ, ಆಡಳಿತ ಮಂಡಳಿಯ ಪಟ್ಟಿ, ಈ ವರ್ಷದ ಬಜೆಟ್, ಹಿಂದಿನ ವರ್ಷದ ಲೆಕ್ಕಪತ್ರ ಇಷ್ಟು ಸಿದ್ಧವಿರಲಿ. ಮಾನ್ಯತೆ ಇನ್ನೂ ಇಲ್ಲದ ಸಣ್ಣ ಸಂಸ್ಥೆ ಫಾರ್ಮ್ 1023-ಇಝಡ್ ತುಂಬಬಹುದು. ಇದಕ್ಕೆ ವಾರ್ಷಿಕ ಆದಾಯ 50,000 ಡಾಲರ್ ಮತ್ತು ಆಸ್ತಿ 2,50,000 ಡಾಲರ್ ಮೀರಬಾರದು. ಶುಲ್ಕ 275 ಡಾಲರ್. ಅದಕ್ಕಿಂತ ದೊಡ್ಡ ಸಂಸ್ಥೆಗಳಿಗೆ ಪೂರ್ಣ ಫಾರ್ಮ್ 1023, ಶುಲ್ಕ 600 ಡಾಲರ್.

ಇಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಬೇಕು. ಆದಾಯ 50,000 ಡಾಲರ್ ಒಳಗಿರುವ ಸಂಸ್ಥೆಯೂ ಪ್ರತಿವರ್ಷ ಫಾರ್ಮ್ 990-ಎನ್ ಎಂಬ ಚಿಕ್ಕ ವಾರ್ಷಿಕ ಮಾಹಿತಿ ಪತ್ರವನ್ನು ಐಆರ್‌ಎಸ್‌ಗೆ ಸಲ್ಲಿಸಲೇಬೇಕು. ಕೆಲವೇ ನಿಮಿಷಗಳ ಕೆಲಸ; ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ ಇಡುವವರಿಗೆ ಕೊನೆಯ ದಿನ ಮೇ 15. ಸತತ ಮೂರು ವರ್ಷ ತಪ್ಪಿದರೆ ಮಾನ್ಯತೆ ತಾನಾಗಿಯೇ ರದ್ದಾಗುತ್ತದೆ. ಸಮಿತಿ ಬದಲಾಗುವಾಗ ಹಳೆಯ ಖಜಾಂಚಿ ಮಾಡಿರುತ್ತಾರೆ ಎಂದು ಹೊಸಬರು, ಹೊಸಬರು ಮಾಡುತ್ತಾರೆ ಎಂದು ಹಳಬರು ಭಾವಿಸುವ ಸಂಘಗಳಲ್ಲಿ ಇದು ಸುಲಭವಾಗಿ ಕೈತಪ್ಪುತ್ತದೆ. ಐಆರ್‌ಎಸ್ ಜಾಲತಾಣದಲ್ಲಿ ನಿಮ್ಮ ಇಐಎನ್ ಹಾಕಿ ಸಂಸ್ಥೆಯ ಸ್ಥಿತಿಯನ್ನು ಇವತ್ತೇ ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಅಟಾರ್ನಿ ಜನರಲ್ ಕಚೇರಿಯ ನೋಂದಣಿಯೂ ಚಾಲ್ತಿಯಲ್ಲಿರಬೇಕು. ಅರ್ಜಿ ಎಷ್ಟೇ ಚೆನ್ನಾಗಿದ್ದರೂ ಫೌಂಡೇಶನ್‌ನವರು ಮೊದಲು ನೋಡುವುದು ಇವನ್ನೇ.

ಮೊದಲ ದಾರಿ: ಸ್ಪರ್ಧೆಯ ಅನುದಾನ

ಅನುದಾನ ಎಂದಾಗ ಹೆಚ್ಚಿನವರ ಮನಸ್ಸಿಗೆ ಬರುವುದು ಇದೇ. ಫೌಂಡೇಶನ್ ವರ್ಷಕ್ಕೆ ಒಂದೆರಡು ಬಾರಿ ಅರ್ಜಿ ಕರೆಯುತ್ತದೆ. ಮೊದಲು ಒಂದೆರಡು ಪುಟದ ಪ್ರಸ್ತಾವ ಪತ್ರ, ಅದು ಒಪ್ಪಿಗೆಯಾದರೆ ಪೂರ್ಣ ಅರ್ಜಿ, ಕೆಲವೊಮ್ಮೆ ಸ್ಥಳ ಭೇಟಿ, ಕೊನೆಗೆ ಮಂಡಳಿಯ ತೀರ್ಮಾನ. ಆರಂಭದಿಂದ ಚೆಕ್ಕು ಕೈಸೇರುವವರೆಗೆ ಹಲವು ತಿಂಗಳು ಹಿಡಿಯುತ್ತದೆ. ಹಾಗಾಗಿ ಬರುವ ರಾಜ್ಯೋತ್ಸವಕ್ಕೆ ಹಣ ಬೇಕೆಂದು ಆಗಸ್ಟ್‌ನಲ್ಲಿ ಅರ್ಜಿ ಬರೆಯಲು ಕೂರುವುದು ನಿಷ್ಪ್ರಯೋಜಕ.

ಈ ಅನುದಾನ ಬರುವ ನಿಧಿಗಳು ಎರಡು ಬಗೆ. ಒಂದು, ಯಾವ ಷರತ್ತೂ ಇಲ್ಲದ ಸಾಮಾನ್ಯ ನಿಧಿ. ಇನ್ನೊಂದು, ದಾನಿ ಒಂದು ಕ್ಷೇತ್ರಕ್ಕೆಂದು ಮೀಸಲಿಟ್ಟದ್ದು. ಕಲೆ, ಹಿರಿಯರ ಯೋಗಕ್ಷೇಮ, ಮಕ್ಕಳ ಓದು, ವಲಸಿಗರ ನೆರವು ಹೀಗೆ. ನನ್ನ ಅಭಿಪ್ರಾಯದಲ್ಲಿ ಕನ್ನಡ ಸಂಸ್ಥೆಗಳು ಕಣ್ಣಿಡಬೇಕಾದದ್ದು ಎರಡನೆಯದರ ಮೇಲೆ. ಸಾಮಾನ್ಯ ನಿಧಿಗೆ ಆಹಾರ ಬ್ಯಾಂಕ್, ವಸತಿಹೀನರ ಆಶ್ರಯಧಾಮಗಳು ಅರ್ಜಿ ಹಾಕುತ್ತವೆ. ಹಸಿದವರ ಊಟದ ಎದುರು ನಮ್ಮ ಸುಗಮ ಸಂಗೀತ ಸಂಜೆ ನಿಲ್ಲಲಾರದು. ನಿಲ್ಲಬೇಕೆಂದು ಬಯಸುವುದೂ ಸರಿಯಲ್ಲ.

ಯಾವುದಕ್ಕೆ ಹಣ ಸಿಗುವುದಿಲ್ಲ ಎಂಬ ಪಟ್ಟಿಯನ್ನು ಮೊದಲು ಓದಿ. ಸಾಮಾನ್ಯವಾಗಿ ಅದರಲ್ಲಿ ಇರುವವು: ಧಾರ್ಮಿಕ ಆಚರಣೆ, ಒಬ್ಬ ವ್ಯಕ್ತಿಗೆ ನೆರವು, ಹಣ ಸಂಗ್ರಹದ ಔತಣಕೂಟ, ಹಳೆಯ ಸಾಲ ತೀರಿಸುವುದು, ರಾಜಕೀಯ ಚಟುವಟಿಕೆ, ಸದಸ್ಯರಿಗೆ ಮಾತ್ರ ತೆರೆದ ಕಾರ್ಯಕ್ರಮ. ನಮ್ಮ ಕೂಟಗಳ ವಾರ್ಷಿಕ ಪಟ್ಟಿಯಲ್ಲಿ ಗಣೇಶನ ಹಬ್ಬವೂ ಸದಸ್ಯರ ಪಿಕ್‌ನಿಕ್ಕೂ ಇರುತ್ತವೆ. ಅವು ಇರಬಾರದೆಂದಲ್ಲ, ಅವುಗಳ ಖರ್ಚನ್ನು ಈ ಬಜೆಟ್ಟಿನೊಳಗೆ ತರಬೇಡಿ. ಇಡೀ ಕೂಟದ ಹೆಸರಿನಲ್ಲಿ ಕೇಳುವ ಬದಲು ಒಂದೇ ಕಾರ್ಯಕ್ರಮವನ್ನು ಬಿಡಿಸಿ ಅದರ ಆದಾಯ ವೆಚ್ಚವನ್ನು ಪ್ರತ್ಯೇಕವಾಗಿ ತೋರಿಸಿ.

ಯಾವ ಕಾರ್ಯಕ್ರಮ ಹೊಂದುತ್ತದೆ? ಮಕ್ಕಳ ಜೊತೆ ಇರಲು ಕರ್ನಾಟಕದಿಂದ ಬಂದು ಇಲ್ಲೇ ನೆಲೆಸಿದ ತಂದೆ ತಾಯಂದಿರನ್ನು ನೆನೆಯಿರಿ. ಕಾರು ಓಡಿಸಲಾರರು, ಇಂಗ್ಲಿಷಿನಲ್ಲಿ ವೈದ್ಯರೊಡನೆ ಸಲೀಸಾಗಿ ಮಾತನಾಡಲಾರರು. ಹಗಲಿಡೀ ಮನೆಯಲ್ಲಿ ಒಬ್ಬರೇ. ಇವರಿಗಾಗಿ ವಾರಕ್ಕೊಮ್ಮೆ ಗ್ರಂಥಾಲಯದಲ್ಲಿ ಸೇರುವ ಬಳಗ, ಕನ್ನಡದಲ್ಲಿ ಆರೋಗ್ಯ ಮಾಹಿತಿ, ಓಡಾಟಕ್ಕೆ ವಾಹನ ಇವೆಲ್ಲ ಹಿರಿಯರ ಒಂಟಿತನದ ಬಗ್ಗೆ ಚಿಂತಿಸುವ ಯಾವ ಫೌಂಡೇಶನ್‌ಗಾದರೂ ತಕ್ಷಣ ಅರ್ಥವಾಗುವ ಕೆಲಸ. ಸಾರ್ವಜನಿಕ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳ ವಿಭಾಗ, ಊರಿನ ಶಾಲಾ ಮಕ್ಕಳೆಲ್ಲರಿಗೂ ತೆರೆದ ಯಕ್ಷಗಾನ ಕಾರ್ಯಾಗಾರ ಕೂಡ ಹೀಗೆಯೇ. ಕನ್ನಡ ಶಾಲೆಯ ವಿಷಯ ಸ್ವಲ್ಪ ಕಷ್ಟ. ಶುಲ್ಕ ಕಟ್ಟಬಲ್ಲ ಕುಟುಂಬಗಳ ಮಕ್ಕಳೇ ಹೆಚ್ಚಾಗಿ ಕಲಿಯುವ ಭಾನುವಾರದ ತರಗತಿಗೆ ಊರಿನ ಹಣ ಏಕೆ ಎಂದು ಕೇಳಿದರೆ, ಕೇಳಿದವರದು ತಪ್ಪಲ್ಲ. ಅದನ್ನು ಬೇರೇನೋ ಎಂಬಂತೆ ತೋರಿಸಲು ಹೋಗಬೇಡಿ, ಶಾಲೆಗೆ ಮುಂದೆ ಹೇಳುವ ದಾರಿಗಳು ಇದಕ್ಕಿಂತ ಚೆನ್ನಾಗಿ ಹೊಂದುತ್ತವೆ.

ಬರೆಯಲು ಕೂರುವ ಮುನ್ನ ಎರಡು ಕೆಲಸ ಮಾಡಿದರೆ ಅರ್ಧ ಶ್ರಮ ಉಳಿಯುತ್ತದೆ. ಒಂದು, ಆ ಫೌಂಡೇಶನ್ ಐಆರ್‌ಎಸ್‌ಗೆ ಸಲ್ಲಿಸಿದ ವಾರ್ಷಿಕ ವರದಿ ಫಾರ್ಮ್ 990 ತೆಗೆದು ಅದರ ಶೆಡ್ಯೂಲ್ ಐ ಓದಿ. 5,000 ಡಾಲರ್‌ಗಿಂತ ಹೆಚ್ಚು ಪಡೆದ ದೇಶದೊಳಗಿನ ಸಂಸ್ಥೆಗಳ ಹೆಸರು ಮತ್ತು ಮೊತ್ತ ಅಲ್ಲಿರುತ್ತವೆ. ಪ್ರೊಪಬ್ಲಿಕಾ ಸುದ್ದಿಸಂಸ್ಥೆಯ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್ ಜಾಲತಾಣದಲ್ಲಿ ಇದು ಉಚಿತವಾಗಿ ಸಿಗುತ್ತದೆ. ನಿಮ್ಮಂಥ ಗಾತ್ರದ, ನಿಮ್ಮಂಥ ಕೆಲಸದ ಸಂಸ್ಥೆಗೆ ಹಿಂದೆ ಹಣ ಕೊಟ್ಟಿದ್ದಾರೆಯೇ, ಎಷ್ಟು ಕೊಟ್ಟಿದ್ದಾರೆ ಎಂಬುದು ಅವರ ಜಾಲತಾಣದ ಸುಂದರ ಮಾತುಗಳಿಗಿಂತ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಆ ಪಟ್ಟಿಯಲ್ಲಿ ದಾನಿಗಳ ಸಲಹೆಯಂತೆ ಹೋದ ಹಣವೂ (ಮುಂದಿನ ಎರಡನೆಯ ದಾರಿ ನೋಡಿ) ಬೆರೆತಿರುತ್ತದೆ ಎಂಬುದು ನೆನಪಿರಲಿ. ಎರಡು, ಫೌಂಡೇಶನ್‌ನಲ್ಲಿ ಅನುದಾನದ ಅರ್ಜಿಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ ಆಫೀಸರ್‌ಗೆ ದೂರವಾಣಿ ಮಾಡಿ. ನಮ್ಮವರು ಇದಕ್ಕೆ ಹಿಂಜರಿಯುತ್ತಾರೆ; ಶಿಫಾರಸು ಕೇಳಿದಂತಾಗುತ್ತದೆ ಎಂಬ ಸಂಕೋಚ. ಅಲ್ಲಿನ ರೂಢಿಯೇ ಬೇರೆ. ಅರ್ಜಿದಾರರ ಪ್ರಶ್ನೆಗೆ ಉತ್ತರಿಸುವುದು ಅವರ ಉದ್ಯೋಗದ ಭಾಗ. ನಮ್ಮ ಕಾರ್ಯಕ್ರಮ ಇದು, ಇದಕ್ಕೆ ಈ ವರ್ಷ ಅವಕಾಶವಿದೆಯೇ ಎಂದು ನೇರವಾಗಿ ಕೇಳಿ. ಇಲ್ಲ ಎಂದರೆ ನಿಮ್ಮ ಒಂದು ತಿಂಗಳು ಉಳಿಯಿತು.

ಬಜೆಟ್ಟಿನಲ್ಲಿ ಸ್ವಯಂಸೇವಕರ ದುಡಿಮೆಯನ್ನು ಬಿಡಬೇಡಿ. ಇಂಡಿಪೆಂಡೆಂಟ್ ಸೆಕ್ಟರ್ ಎಂಬ ಸಂಸ್ಥೆ ಸ್ವಯಂಸೇವೆಯ ಒಂದು ಗಂಟೆಗೆ ಎಷ್ಟು ಬೆಲೆ ಕಟ್ಟಬಹುದೆಂದು ಪ್ರತಿವರ್ಷ ಪ್ರಕಟಿಸುತ್ತದೆ. ಅದು ಈಗ 30 ಡಾಲರ್ ಮೀರಿದೆ. ವರ್ಷವಿಡೀ ಪುಕ್ಕಟೆಯಾಗಿ ಕನ್ನಡ ಕಲಿಸುವ ಶಿಕ್ಷಕಿಯರ ಗಂಟೆಗಳನ್ನು ಗುಣಿಸಿ ನೋಡಿ. ಕೂಟ ತಾನಾಗಿ ತರುತ್ತಿರುವ ಪಾಲು ಎಷ್ಟು ದೊಡ್ಡದು ಎಂದು ಮಂಡಳಿಗೆ ಮಾತ್ರವಲ್ಲ, ನಿಮಗೂ ಗೊತ್ತಾಗುತ್ತದೆ.

ಎರಡನೆಯ ದಾರಿ: ಡೋನರ್ ಅಡ್ವೈಸ್ಡ್ ಫಂಡ್

ಚಿಕ್ಕದಾಗಿ ಇದನ್ನು ಡ್ಯಾಫ್ ಎನ್ನುತ್ತಾರೆ. ದಾನಿ ಫೌಂಡೇಶನ್‌ನಲ್ಲಿ ತನ್ನದೊಂದು ನಿಧಿ ತೆರೆದು ಹಣ ಅಥವಾ ಷೇರು ಹಾಕುತ್ತಾರೆ, ತೆರಿಗೆ ವಿನಾಯಿತಿ ಆಗಲೇ ಪಡೆಯುತ್ತಾರೆ. ಆಮೇಲೆ ಯಾವ ಸಂಸ್ಥೆಗೆ ಎಷ್ಟು ಕೊಡಬೇಕೆಂದು ತಮಗೆ ಬೇಕಾದಾಗ ಸಲಹೆ ಮಾಡುತ್ತಾರೆ. ಕಾನೂನಿನ ಪ್ರಕಾರ ಹಣ ಫೌಂಡೇಶನ್‌ನದ್ದು, ಆದರೆ ಸಲಹೆಯನ್ನು ಸಾಮಾನ್ಯವಾಗಿ ಮನ್ನಿಸುತ್ತಾರೆ. 2007ರಲ್ಲಿ ಎರಡು ಸಂಸ್ಥೆಗಳು ಸೇರಿ ಆದ ಸಿಲಿಕಾನ್ ವ್ಯಾಲಿ ಕಮ್ಯುನಿಟಿ ಫೌಂಡೇಶನ್‌ನಂಥ ದೊಡ್ಡ ಸಂಸ್ಥೆಗಳಲ್ಲಿ ಬಹುಪಾಲು ಹಣ ಇರುವುದು ಇಂಥ ನಿಧಿಗಳಲ್ಲೇ.

ಕೂಟಗಳು ಈ ದಾರಿಯ ಕಡೆ ನೋಡುವುದೇ ಕಡಿಮೆ ಎಂಬುದು ನನಗೆ ಬೇಸರದ ಸಂಗತಿ. ಬೆಲೆ ಏರಿದ ಕಂಪನಿ ಷೇರುಗಳನ್ನು ಮಾರದೆ ನೇರವಾಗಿ ಡ್ಯಾಫ್‌ಗೆ ಹಾಕಿದರೆ ಆ ಲಾಭದ ಮೇಲೆ ತೆರಿಗೆ ಬೀಳುವುದಿಲ್ಲ. ಆದ್ದರಿಂದ ತಂತ್ರಜ್ಞಾನ ಕಂಪನಿಗಳಲ್ಲಿ ದುಡಿಯುವವರಲ್ಲಿ ಇದು ಸಾಮಾನ್ಯ. 1973ರಲ್ಲಿ ಹುಟ್ಟಿದ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟದಂಥ ಹಳೆಯ ಸಂಘಗಳ ಸುತ್ತ ಇರುವ ಕುಟುಂಬಗಳಲ್ಲಿ ಇಂಥ ನಿಧಿ ಇರುವವರು ಖಂಡಿತ ಸಿಗುತ್ತಾರೆ. ಇಲ್ಲಿ ಅರ್ಜಿ, ಗಡುವು, ಮಂಡಳಿಯ ಸಭೆ ಯಾವುದೂ ಇಲ್ಲ. ಬೇಕಾದದ್ದು ಪರಿಚಯ ಮತ್ತು ವಿಶ್ವಾಸ. ನಿಮ್ಮ ದೇಣಿಗೆ ಪುಟದಲ್ಲಿ ಡ್ಯಾಫ್ ಮೂಲಕವೂ ಕೊಡಬಹುದು ಎಂಬ ಒಂದು ಸಾಲು, ಸಂಸ್ಥೆಯ ಅಧಿಕೃತ ಹೆಸರು, ಇಐಎನ್ ಮತ್ತು ವಿಳಾಸ ಇರಲಿ. ಕನ್ನಡ ಶಾಲೆಗೆ ಹೆಚ್ಚು ಹೊಂದುವುದು ಈ ದಾರಿಯೇ: ಆ ಶಾಲೆಯ ಬೆಲೆ ಗೊತ್ತಿರುವ ಪೋಷಕರೇ ಕೊಡುವವರಾಗಿರುತ್ತಾರೆ, ಊರಿಗೇನು ಲಾಭ ಎಂದು ಅವರಿಗೆ ವಿವರಿಸಬೇಕಿಲ್ಲ.

ಎರಡು ನಿಯಮಗಳನ್ನು ಖಜಾಂಚಿ ಬರೆದಿಟ್ಟುಕೊಳ್ಳಬೇಕು. ಡ್ಯಾಫ್ ಹಣಕ್ಕೆ ಪ್ರತಿಯಾಗಿ ದಾನಿಗೆ ಟಿಕೆಟ್, ಊಟ, ಮುಂದಿನ ಸಾಲಿನ ಆಸನ, ರಿಯಾಯಿತಿ ಸಿಗುವ ಸದಸ್ಯತ್ವ ಇಂಥ ಯಾವುದನ್ನೂ ಕೊಡುವಂತಿಲ್ಲ. ನಮ್ಮ ಕೂಟಗಳಲ್ಲಿ ಇಷ್ಟು ಕೊಟ್ಟವರಿಗೆ ಇಷ್ಟು ವಿಐಪಿ ಟಿಕೆಟ್ ಎಂಬ ಪದ್ಧತಿ ಗಟ್ಟಿಯಾಗಿರುವುದರಿಂದ ಈ ಎಚ್ಚರಿಕೆ ಬಹಳ ಮುಖ್ಯ. ಇನ್ನು, ದಾನಿಗೆ ತೆರಿಗೆ ರಸೀದಿ ಕೊಡಬೇಡಿ. ಅವರು ನಿಧಿಗೆ ಹಾಕಿದಾಗಲೇ ಅದನ್ನು ಪಡೆದಿರುತ್ತಾರೆ. ಆತ್ಮೀಯವಾದ ಕೃತಜ್ಞತಾ ಪತ್ರ ಸಾಕು.

ಮೂರನೆಯ ದಾರಿ: ಗಿವಿಂಗ್ ಡೇ

ಹಲವು ಫೌಂಡೇಶನ್‌ಗಳು ವರ್ಷದಲ್ಲಿ ಒಂದು ದಿನ ಇಡೀ ಪ್ರದೇಶದ ಸಂಸ್ಥೆಗಳಿಗೆ ಆನ್‌ಲೈನ್ ದೇಣಿಗೆ ಸಂಗ್ರಹ ನಡೆಸುತ್ತವೆ. ಕಮ್ಯುನಿಟೀಸ್ ಫೌಂಡೇಶನ್ ಆಫ್ ಟೆಕ್ಸಸ್ 2009ರಲ್ಲಿ ಆರಂಭಿಸಿದ ನಾರ್ತ್ ಟೆಕ್ಸಸ್ ಗಿವಿಂಗ್ ಡೇ ಪ್ರತಿ ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ, ಮಿನೆಸೋಟದಲ್ಲಿ ಇಂಥದ್ದೇ ದಿನ ನವೆಂಬರ್‌ನಲ್ಲಿ ಬರುತ್ತದೆ. ಪ್ರವೇಶ ಸುಲಭ: ಮಾನ್ಯತಾ ಪತ್ರ ಇದ್ದು ಸಮಯಕ್ಕೆ ನೋಂದಾಯಿಸಿದರೆ ಆಯಿತು. ಆದರೆ ಹಣ ತರುವವರು ನೀವೇ. ಫೌಂಡೇಶನ್ ವೇದಿಕೆ ಕೊಡುತ್ತದೆ, ಕೆಲವೆಡೆ ಬಹುಮಾನ ಅಥವಾ ಬಂದ ದೇಣಿಗೆಗೆ ಸರಿಜೋಡಿಯಾಗಿ ತನ್ನ ಹಣ ಸೇರಿಸುತ್ತದೆ. ನಾಲ್ಕು ನೂರು ಕುಟುಂಬಗಳ ವಾಟ್ಸ್ಆ್ಯಪ್ ಗುಂಪು ಇರುವ ಕೂಟಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಇಪ್ಪತ್ತು ಜನರ ನಾಟಕ ತಂಡಕ್ಕೆ ಅಷ್ಟಾಗಿ ಇಲ್ಲ. ಇದರ ಇನ್ನೊಂದು ಲಾಭ ನಿಧಾನವಾಗಿ ತಿಳಿಯುತ್ತದೆ. ಫೌಂಡೇಶನ್ ಸಿಬ್ಬಂದಿಗೆ ನಿಮ್ಮ ಹೆಸರು ಪರಿಚಯವಾಗುತ್ತದೆ, ಮುಂದೆ ಅರ್ಜಿ ಹಾಕಿದಾಗ ನಿಮ್ಮನ್ನು ಬೆಂಬಲಿಸುವ ಸ್ಥಳೀಯರ ಸಂಖ್ಯೆ ದಾಖಲೆಯಲ್ಲಿರುತ್ತದೆ.

ಮಾನ್ಯತೆ ಇಲ್ಲದ ತಂಡಗಳಿಗೆ: ಫಿಸ್ಕಲ್ ಸ್ಪಾನ್ಸರ್

501(ಸಿ)(3) ಮಾನ್ಯತೆ ಇಲ್ಲದ ತಂಡ ಮಾನ್ಯತೆ ಇರುವ ಇನ್ನೊಂದು ಸಂಸ್ಥೆಯ ಆಶ್ರಯದಲ್ಲಿ ಅನುದಾನ ಪಡೆಯಬಹುದು. ಹಣ ಆ ಸಂಸ್ಥೆಗೆ ಬರುತ್ತದೆ. ಅದು ಸಾಮಾನ್ಯವಾಗಿ ಶೇ 5ರಿಂದ 10ರಷ್ಟು ಶುಲ್ಕ ಹಿಡಿದು ತಂಡದ ಕೆಲಸಕ್ಕೆ ಒದಗಿಸುತ್ತದೆ. ಒಂದೇ ನಾಟಕ, ಒಂದೇ ಉತ್ಸವ ಮಾಡಿ ಮುಗಿಸುವವರು ಹೊಸ ಸಂಸ್ಥೆ ಕಟ್ಟಿ ವರ್ಷ ವರ್ಷ 990 ಸಲ್ಲಿಸುವುದಕ್ಕಿಂತ ಇದು ಎಷ್ಟೋ ಮೇಲು. ದೊಡ್ಡ ಕೂಟಗಳು ತಮ್ಮ ಊರಿನ ಸಣ್ಣ ಯಕ್ಷಗಾನ, ಭರತನಾಟ್ಯ, ಜಾನಪದ ತಂಡಗಳಿಗೆ ಹೀಗೆ ಆಸರೆಯಾಗಬೇಕು ಎಂಬುದು ನನ್ನ ಆಸೆ. ಆದರೆ ಸುಮ್ಮನೆ ಹೆಸರು ಬಳಸಲು ಬಿಟ್ಟರೆ ಸಾಲದು. ಖರ್ಚಿನ ಮೇಲೆ ಆಶ್ರಯ ಕೊಟ್ಟ ಸಂಸ್ಥೆಯ ನಿಜವಾದ ಹಿಡಿತ ಇರಬೇಕೆಂದು ಐಆರ್‌ಎಸ್ ನಿರೀಕ್ಷಿಸುತ್ತದೆ. ಲಿಖಿತ ಒಪ್ಪಂದ ಮಾಡಿಕೊಂಡು ಆ ತಂಡದ ಲೆಕ್ಕವನ್ನು ಬೇರೆಯಾಗಿಯೇ ಇಡಿ.

ಫೌಂಡೇಶನ್ ಬಿಟ್ಟು ಬೇರೆಡೆ

ಕಲೆಯೇ ನಿಮ್ಮ ಕೆಲಸವಾದರೆ ರಾಜ್ಯದ ಕಲಾ ಮಂಡಳಿಗೆ ಮೊದಲು ಹೋಗಿ. ಗುರುವೊಬ್ಬರಿಂದ ಶಿಷ್ಯ ಕಲಿಯುವುದಕ್ಕೇ ಹಣ ಕೊಡುವ ಜಾನಪದ ಕಲೆಗಳ ಯೋಜನೆಗಳು ಹಲವು ರಾಜ್ಯಗಳಲ್ಲಿವೆ. ಕ್ಯಾಲಿಫೋರ್ನಿಯಾದಲ್ಲಿ ಅಲಯನ್ಸ್ ಫಾರ್ ಕ್ಯಾಲಿಫೋರ್ನಿಯಾ ಟ್ರೆಡಿಶನಲ್ ಆರ್ಟ್ಸ್ ಇದಕ್ಕೆ ಹೆಸರಾಗಿದೆ. ನ್ಯೂಜೆರ್ಸಿಯಲ್ಲಿ ರಾಜ್ಯದ ಹಣ ಕೌಂಟಿ ಕಲಾ ಕಚೇರಿಗಳ ಮೂಲಕ ಸಣ್ಣ ಸಂಸ್ಥೆಗಳಿಗೂ ತಲಪುತ್ತದೆ. ಮದ್ದಳೆ, ವೀಣೆ, ಡೊಳ್ಳು ಕಲಿಸುವವರು ಅಲ್ಲಿ ವಲಸಿಗರ ಖಾಸಗಿ ಹವ್ಯಾಸಿಗಳಾಗಿ ಕಾಣುವುದಿಲ್ಲ, ಕಲಾ ಪರಂಪರೆಯ ವಾರಸುದಾರರಾಗಿ ಕಾಣುತ್ತಾರೆ.

ಉದ್ಯೋಗದಾತರು ಸೇರಿಸುವ ಸಮಾನ ದೇಣಿಗೆ ಇನ್ನೂ ಸುಲಭ. ಹಲವು ಕಂಪನಿಗಳು ನೌಕರರು ಕೊಟ್ಟಷ್ಟೇ ಹಣವನ್ನು ತಾವೂ ಕೊಡುತ್ತವೆ. ಕೆಲವು ಸ್ವಯಂಸೇವೆಯ ಗಂಟೆಗೂ ಕೊಡುತ್ತವೆ. ಕನ್ನಡ ಶಾಲೆಯ ಶಿಕ್ಷಕರೆಲ್ಲ ತಮ್ಮ ಗಂಟೆಗಳನ್ನು ದಾಖಲಿಸಿದರೆ ಬರಬಹುದಾದ ಮೊತ್ತ ಸಣ್ಣದಲ್ಲ. ಹಣ ತುರ್ತಾಗಿ ಬೇಕಿರುವ ಸಮಿತಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಕರ್ನಾಟಕಕ್ಕೆ ಕಳಿಸುವ ಯೋಚನೆ ಇದ್ದರೆ

ಹುಟ್ಟೂರಿನ ಶಾಲೆಗೆ ಕೊಠಡಿ ಕಟ್ಟಿಸಲು ಸ್ಪರ್ಧೆಯ ಅನುದಾನ ಕೇಳಬೇಡಿ. ಆ ಹಣ ಆ ಕೌಂಟಿಗೆ ಮೀಸಲು. ಡ್ಯಾಫ್ ಮೂಲಕ ಸಾಧ್ಯವಿದೆ. ಆದರೆ ಹೊರದೇಶದ ಸಂಸ್ಥೆಯನ್ನು ಪರಿಶೀಲಿಸುವ ವ್ಯವಸ್ಥೆ ಆ ಫೌಂಡೇಶನ್‌ನಲ್ಲಿ ಇರಬೇಕು. ಪಡೆಯುವ ಕಡೆಯಲ್ಲೂ ನಿಯಮ ಬಿಗಿ. ಭಾರತದ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಹಣ ಪಡೆಯುವ ಸಂಸ್ಥೆಗೆ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ಸೇರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಅಲ್ಲಿ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದಕ್ಕೂ ನಿಷೇಧವಿದೆ. ಊರಿನ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಈ ನೋಂದಣಿ ಇಲ್ಲದಿದ್ದರೆ ಪ್ರೀತಿಯಿಂದ ಕಳಿಸಿದ ಹಣವೇ ಅವರಿಗೆ ತೊಂದರೆ ತರುತ್ತದೆ.

ಹಣ ಬಂದ ಮೇಲೆ

ಸ್ಪರ್ಧೆಯ ಅನುದಾನಕ್ಕೆ ಒಪ್ಪಂದ ಪತ್ರ ಇರುತ್ತದೆ, ವರ್ಷದ ಕೊನೆಗೆ ವರದಿ ಕೊಡಬೇಕಾಗುತ್ತದೆ. ಹೇಳಿದ ಕೆಲಸಕ್ಕೆ ಬಿಟ್ಟು ಬೇರೆಯದಕ್ಕೆ ಖರ್ಚು ಮಾಡಬೇಕಾಗಿ ಬಂದರೆ ಮೊದಲೇ ಬರೆದು ಅನುಮತಿ ಪಡೆಯಿರಿ. ಕಾರಣ ಸರಿಯಿದ್ದರೆ ಅವರು ಒಪ್ಪುವ ಸಂಭವವೇ ಹೆಚ್ಚು, ಕೇಳದೆ ಬದಲಿಸಿದರೆ ಮುಂದಿನ ಅರ್ಜಿಗೆ ದಾರಿ ಮುಚ್ಚುತ್ತದೆ. ಕೂಟಗಳಲ್ಲಿ ನಿಜವಾದ ತೊಡಕು ಬೇರೆ ಕಡೆ ಇದೆ. ಅರ್ಜಿ ಹಾಕಿದ ಸಮಿತಿಯ ಅವಧಿ ಮುಗಿದು, ವರದಿ ಬರೆಯಬೇಕಾದಾಗ ಬೇರೆಯವರೇ ಅಲ್ಲಿರುತ್ತಾರೆ. ಆದ್ದರಿಂದ ಅರ್ಜಿ ಹಾಕುವ ದಿನವೇ ಹಳೆಯ ಮತ್ತು ಹೊಸ ಸಮಿತಿಗಳೆರಡರಲ್ಲೂ ಉಳಿಯಬಲ್ಲ ಒಬ್ಬರನ್ನು ಅನುದಾನದ ಹೊಣೆಗೆ ನೇಮಿಸಿ. ಫೌಂಡೇಶನ್ ಪೋರ್ಟಲ್‌ನ ಖಾತೆಯನ್ನು ಯಾರದೋ ಸ್ವಂತ ಇಮೇಲ್‌ನಲ್ಲಿ ತೆರೆಯದೆ ಕೂಟದ ಇಮೇಲ್‌ನಲ್ಲಿ ತೆರೆಯಿರಿ. ರಸೀದಿ, ಹಾಜರಿ ಪಟ್ಟಿ, ಛಾಯಾಚಿತ್ರ ಮೂರನ್ನೂ ಕಾರ್ಯಕ್ರಮ ನಡೆದ ವಾರದಲ್ಲೇ ಒಂದೆಡೆ ಸೇರಿಸಿಡಿ, ವರದಿಯ ಗಡುವನ್ನು ಮೇ 15ರ ಜೊತೆಗೇ ಹೊಸ ಖಜಾಂಚಿಯ ಕ್ಯಾಲೆಂಡರಿನಲ್ಲಿ ಬರೆಸಿ.